ಕಾಚಬಿಂದು: ಹೋದ ದೃಷ್ಟಿ ಬರುವುದಿಲ್ಲ ಅಂದರೆ ಆಪರೇಷನ್ ಯಾಕೆ?

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹಿಂದಿನ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ನಮ್ಮತ್ತಿಗೆ ಮೋತಿಬಿಂದು ಅಂತ ತಿಳದು, ಹಣ್ಣಾಗಲಿ ಅಂತ ಕಾಯ್ಕೋತ ಕುಂತ್ವಿ. ದವಾಖಾನಿಗೆ ಹೋದ್ರ ಇದು ಕಾಚಬಿಂದು, ಹೋದ ಕಣ್ಣು ಬರೂದಿಲ್ಲ ಅಂದ್ರು. ಮತ್ತ ಇನ್ನೊಂದು ಕಣ್ಣಿಗೆ ಆಪರೇಷನ್ ಯಾಕ್ರಿ?"

ಒಳ್ಳೆಯ ಪ್ರಶ್ನೆ. ಮೋತಿಬಿಂದು ಅಂದರೆ ಕಣ್ಣಿನ ಮಸೂರಕ್ಕೆ ಪೊರೆ ಬರುವುದು. ಅದನ್ನು ತೆಗೆದು ಹೊಸ ಮಸೂರ ಹಾಕಿದರೆ ಮತ್ತೆ ಕಾಣುತ್ತದೆ. ಕಾಚಬಿಂದುವಿನಲ್ಲಿ, ಡಾಕ್ಟರು ಗ್ಲಾಕೋಮಾ ಅನ್ನುತ್ತಾರಲ್ಲ ಅದರಲ್ಲಿ, ಕೆಡುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಕಣ್ಣೊಳಗೆ ಹಗಲು-ರಾತ್ರಿ ತಿಳಿನೀರು ಹುಟ್ಟಿ ಸಣ್ಣ ದಾರಿಯಿಂದ ಹೊರಗೆ ಹೋಗುತ್ತಿರುತ್ತದೆ (ಇದು ಕಣ್ಣೀರಲ್ಲ). ಆಲಮಟ್ಟಿಗೆ ನೀರು ಬರುತ್ತಲೇ ಇದ್ದು 26 ಗೇಟುಗಳಲ್ಲಿ ಒಂದನ್ನೂ ತೆಗೆಯದಿದ್ದರೆ ಏನಾದೀತು? ಹಿನ್ನೀರು ಏರುವುದು ಹೆಂಗಂತ ನಿಮಗೆ ಗೊತ್ತು. ಹಾಗೆಯೇ ಕಣ್ಣೊಳಗೆ ಒತ್ತಡ ಏರಿ ನರ ಸಾಯುತ್ತದೆ. ಹೆಚ್ಚಿನವರಿಗೆ ನೋವಿರುವುದಿಲ್ಲ. ಮೊದಲು ಬದಿಯ ನೋಟ ಹೋಗುತ್ತದೆ, ಎದುರಿನದು ಕಾಣುತ್ತಿರುತ್ತದೆ. ಅದಕ್ಕೇ ತಿಳಿಯುವುದಿಲ್ಲ. ಸತ್ತ ನರಕ್ಕೆ ಮದ್ದಿಲ್ಲ. ಆಪರೇಷನ್ ಮಾಡುವುದು ಉಳಿದದ್ದನ್ನು ಉಳಿಸಿಕೊಳ್ಳಲಿಕ್ಕೆ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಬಹಳ ಮಂದಿಗೆ ದಿನಾ ಹಾಕುವ ಹನಿ ಔಷಧ ಸಾಕು, ಕೆಲವರಿಗೆ ಲೇಸರ್. ಅದರಿಂದ ಒತ್ತಡ ಇಳಿಯದಿದ್ದರೆ ಟ್ರಾಬೆಕ್ಯುಲೆಕ್ಟಮಿ ಎಂಬ ಆಪರೇಷನ್ ಮಾಡುತ್ತಾರೆ. ಕೇರ್ನ್ಸ್ ಎಂಬ ವೈದ್ಯರು 1968ರಲ್ಲಿ ತಿಳಿಸಿಕೊಟ್ಟ ಈ ವಿಧಾನ ಇಂದಿಗೂ ನಡೆಯುತ್ತಿದೆ. ಮೇಲಿನ ರೆಪ್ಪೆಯ ಕೆಳಗೆ, ಕಣ್ಣಿನ ಬಿಳಿ ಭಾಗದಲ್ಲಿ ಸಣ್ಣ ಬಾಗಿಲು ಮಾಡಿ ನೀರಿಗೆ ಹೊಸ ದಾರಿ ಕೊಡುತ್ತಾರೆ. ಆ ದಾರಿಯೂ ಮುಚ್ಚಿಕೊಂಡರೆ ಸಣ್ಣ ಕೊಳವೆ ಕೂಡಿಸುತ್ತಾರೆ. ವಿದೇಶದ ಕೊಳವೆ ದುಬಾರಿ. 2013ರಿಂದ ಮದುರೆಯ ಆರೋಲ್ಯಾಬ್ ಕಡಿಮೆ ಬೆಲೆಗೆ ತಯಾರಿಸುತ್ತಿದೆ. ಅಕ್ಕಿ ಕಾಳಿಗಿಂತ ಸಣ್ಣ ಸ್ಟೆಂಟ್‌ಗಳೂ ಬಂದಿವೆ. ಆದರೆ ಅವು ರೋಗ ಹೆಚ್ಚು ಮುಂದುವರಿಯದವರಿಗೆ. ಹೊಸದು ಅಂತ ಸಾಲ ಮಾಡಿ ಅದರ ಹಿಂದೆ ಓಡಬ್ಯಾಡ್ರಿ.

ಆಪರೇಷನ್ ಆದ ಮೇಲೆ ಕೆಲವು ವಾರ ಮಂಜು ಮಂಜು ಕಾಣಬಹುದು. "ಕಣ್ಣು ಕೆಡಿಸಿದ್ರು" ಅಂತ ಅರ್ಧಕ್ಕೆ ಬಿಡಬೇಡಿ. ಕಣ್ಣು ಉಜ್ಜಬಾರದು. ಒಲೆಯ ಹೊಗೆ, ಹೊಲದ ಧೂಳು ತಾಗಬಾರದು. ವರ್ಷಗಳ ನಂತರವೂ ಕಣ್ಣು ಕೆಂಪಾಗಿ ನೋವು, ಕೀವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು ಮಕ್ಕಳ ಮಾತು. ಕೂಸಿನ ಕಣ್ಣು ದೊಡ್ಡದಿದ್ದರೆ "ಎಷ್ಟು ಚಂದ ಅದಾವ" ಅಂತ ದೃಷ್ಟಿ ತೆಗೀತೀವಿ. ಆದರೆ ಕಣ್ಣು ದೊಡ್ಡದಾಗುತ್ತಾ ಹೋಗಿ, ನೀರು ಸೋರಿ, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ ಅದು ಹುಟ್ಟಿನಿಂದ ಬಂದ ಕಾಚಬಿಂದು ಇರಬಹುದು. ಸೋದರಮಾವ, ಅತ್ತೆಯ ಮಗ ಅಂತ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಹೆಚ್ಚು. ತಾಯಿಯನ್ನು ಬೈಯಲಿಕ್ಕೆ ಇದನ್ನು ಹೇಳುತ್ತಿಲ್ಲ. ಇಲ್ಲಿ ಹನಿ ಔಷಧ ಸಾಲದು, ಆಪರೇಷನ್ನೇ ಮುಖ್ಯ ಚಿಕಿತ್ಸೆ. ಒಂದೊಂದು ವಾರವೂ ಬೆಲೆಯುಳ್ಳದ್ದು.

ಜೋಳದ ಗರಿ ತಾಗಿ ಕಣ್ಣು ಕೆಂಪಾದರೆ ಮೆಡಿಕಲ್ ಅಂಗಡಿಯಿಂದ ಹನಿ ತಂದು ತಿಂಗಳುಗಟ್ಟಲೆ ಹಾಕುವ ರೂಢಿ ಬಿಡಿ. ಸ್ಟಿರಾಯ್ಡ್ ಇರುವ ಹನಿಯಿಂದಲೂ ಒತ್ತಡ ಏರುತ್ತದೆ.

40 ದಾಟಿದವರು, ಮನೆಯಲ್ಲಿ ಯಾರಿಗಾದರೂ ಕಾಚಬಿಂದು ಇದ್ದವರು ವರ್ಷಕ್ಕೊಮ್ಮೆ ಒತ್ತಡ, ನರ ಎರಡನ್ನೂ ತೋರಿಸಿಕೊಳ್ಳಿ. ಆ ಅತ್ತೆಯ ಮಗ, ಮಗಳೂ ಹೋಗಬೇಕು. ವಿಜಯಪುರದ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಹುಬ್ಬಳ್ಳಿಯಲ್ಲಿ ಎಂ.ಎಂ. ಜೋಶಿ ಕಣ್ಣಿನ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡು, ಆಧಾರ್ ಕಾರ್ಡು ಒಯ್ದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಈ ಆಪರೇಷನ್ ಆಗುತ್ತದೆಯೇ ಅಂತ ದಾಖಲಾಗುವ ಮೊದಲೇ ಕೇಳಿ. ಆಪರೇಷನ್ ಆದ ಮೇಲೆ ಮೇಲಿಂದ ಮೇಲೆ ತಪಾಸಣೆಗೆ ಹೋಗಬೇಕಾಗುತ್ತದೆ. ಬಸ್ ಚಾರ್ಜಿಗೆ, ಹನಿ ಔಷಧಕ್ಕೆ ಸಂಘದಿಂದ ಸಣ್ಣ ಸಾಲ ಕೊಡುವ ವಿಷಯವನ್ನು ಈ ವಾರದ ಉಳಿತಾಯ ಸಭೆಯಲ್ಲೇ ಠರಾವು ಬರೆದುಕೊಳ್ಳಿರಿ.