ನಿಂತ ಮುಟ್ಟು, ಬರಿಸಿದ ಮುಟ್ಟು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಬಾಣಂತಿಯರ ಸೇವೆಗೆ ಆಯುಷ್ಯ ಸವೆಸಿದ ಸೂಲಗಿತ್ತಿ ತಾಯಿಯ ನೆನಪಿಗೆ ನಿಂತ ದತ್ತಿಯ ಉಪನ್ಯಾಸವಿದು. ಮುಟ್ಟಿನ ಸಾಮಾನ್ಯ ವಿವರಣೆಗಳು ಶಾಲೆಯ ಪಠ್ಯದಲ್ಲಿಯೇ ದೊರೆಯುವುದರಿಂದ ಇಲ್ಲಿ ಮುಟ್ಟು ನಿಂತಿತೆನ್ನುವುದರ ಗಡಿಯನ್ನಷ್ಟೇ ಗುರುತಿಸಿದರೆ ಸಾಕು. ಹದಿನೈದು ವರ್ಷ ತುಂಬಿದರೂ ಹುಡುಗಿ ದೊಡ್ಡವಳಾಗದಿದ್ದರೆ ಅದು ಪ್ರಾಥಮಿಕ ಅನಾರ್ತವ. ತಪ್ಪದೆ ಬರುತ್ತಿದ್ದ ಮುಟ್ಟು ಮೂರು ತಿಂಗಳು, ಮೊದಲೇ ಏರುಪೇರಾಗಿದ್ದರೆ ಆರು ತಿಂಗಳು ನಿಂತರೆ ಅದು ದ್ವಿತೀಯಕ ಅನಾರ್ತವ. ಬಸಿರು, ಹಾಲೂಡಿಸುವ ಅವಧಿ, ಮುಟ್ಟು ತೀರುವ ವಯಸ್ಸು ಇವು ರೋಗಗಳಲ್ಲ. ಆದರೆ ಹಾಲೂಡಿಸುವ ತಾಯಿಯಲ್ಲಿ ಮೊದಲ ಮುಟ್ಟಿಗೆ ಮುಂಚೆಯೇ ಅಂಡ ಬಿಡುಗಡೆಯಾಗಬಹುದಾದ ಕಾರಣ, ಮುಟ್ಟು ಕಾಣದೆಯೇ ಎರಡನೆಯ ಬಸಿರು ನಿಲ್ಲುವುದುಂಟು.

ಮುಟ್ಟು ತಪ್ಪಿತೆಂಬ ಮಾತಿಗೆ ಮೊದಲು ಲೆಕ್ಕ ಬೇಕು. ಈ ಭಾಗದಲ್ಲಿ ಆ ಲೆಕ್ಕ ಬಹಳ ಮಟ್ಟಿಗೆ ಚಂದ್ರನದು: ‘ಹ್ವಾದ ಹುಣ್ಣಿವಿಗೆ ಹೊರಗಾಗಿದ್ದೆ’ ಎಂಬ ಉತ್ತರವನ್ನು ತಾರೀಖು ಕೇಳುವ ವೈದ್ಯರು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನಗಳಿರುವುದರಿಂದ ಅದು ಸಾಕಷ್ಟು ನಿಖರವಾದ ಅಳತೆಗೋಲು. ತೊಡಕು ಬೇರೆಡೆ ಇದೆ. ಮೂವತ್ಮೂರು ದಿನಗಳ ಚಕ್ರವುಳ್ಳ ಆರೋಗ್ಯವಂತ ಹೆಣ್ಣುಮಗಳ ಮುಟ್ಟು ಪ್ರತಿ ಸಲ ಮೂರೂವರೆ ದಿನ ಹಿಂದೆ ಬಿದ್ದು, ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಹುಣ್ಣಿಮೆಯಿಂದ ಅಮಾವಾಸ್ಯೆಯ ಹತ್ತಿರಕ್ಕೆ ಸರಿದಿರುತ್ತದೆ. ಮನೆಯವರು ಅದನ್ನು ತಪ್ಪಿದ ಮುಟ್ಟೆಂದೇ ತಿಳಿಯುತ್ತಾರೆ. ವಯಸ್ಕರಲ್ಲಿ 21ರಿಂದ 35 ದಿನ, ಮೈನೆರೆದು ಒಂದು ವರ್ಷ ದಾಟಿದ, ಮೂರು ವರ್ಷ ತುಂಬದ ಹುಡುಗಿಯರಲ್ಲಿ 45 ದಿನಗಳವರೆಗೂ ಚಕ್ರವನ್ನು ಸಹಜವೆಂದೇ ಎಣಿಸಲಾಗುತ್ತದೆ.

ಈ ಉಪನ್ಯಾಸದ ಮುಖ್ಯ ತಕರಾರು ‘ಮುಟ್ಟು ಬರಿಸುವ ಗುಳಿಗೆ’ಯ ಬಗೆಗಿನದು. ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಹೋಲುವ ಈ ಔಷಧಿಯನ್ನು ಐದರಿಂದ ಹತ್ತು ದಿನ ನುಂಗಿ ಬಿಟ್ಟರೆ ಗರ್ಭಚೀಲದ ಒಳಪದರ ಕಳಚಿ ರಕ್ತ ಕಾಣುತ್ತದೆ. ರಕ್ತ ಕಂಡರೆ ಅಂಡಾಶಯದಲ್ಲಿ ಈಸ್ಟ್ರೋಜನ್ ಇದೆ, ಗರ್ಭಚೀಲ ನೆಟ್ಟಗಿದೆ, ದಾರಿ ತೆರೆದಿದೆ, ಆದ್ದರಿಂದ ಇದು ಚಿಕಿತ್ಸೆಯಷ್ಟೇ ಅಲ್ಲ, ಅಗ್ಗದ ಪರೀಕ್ಷೆಯೂ ಹೌದು ಎಂಬುದು ಒಂದು ಪಂಥದ ವಾದ. ಹಾರ್ಮೋನು ಪರೀಕ್ಷೆಗಳು ಕೈಗೆಟುಕದ ಕಾಲದಲ್ಲಿ ಈ ವಾದಕ್ಕೆ ಬೆಲೆಯಿತ್ತೆಂಬುದನ್ನು ಒಪ್ಪಬೇಕು. ಆದರೆ ಅವಧಿಗೆ ಮುನ್ನ ಸೋಲುತ್ತಿರುವ ಅಂಡಾಶಯವೂ ನಡುನಡುವೆ ಈಸ್ಟ್ರೋಜನ್ ಸ್ರವಿಸುವುದರಿಂದ ಅಂಥವರಿಗೂ ರಕ್ತ ಕಾಣುತ್ತದೆ. ಮನೆಯವರು ನಿಶ್ಚಿಂತರಾಗುತ್ತಾರೆ, ಮೂಳೆಗಳು ಸವೆಯುತ್ತಿರುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಭ್ರೂಣವು ಅಂಡನಾಳದಲ್ಲಿಯೇ ನೆಲೆಸಿದ ಹೆಣ್ಣುಮಗಳಿಗೆ ಅದರಿಂದಲೇ ತುಸು ರಕ್ತ ಕಂಡಾಗ, ಗುಳಿಗೆ ಕೊಟ್ಟವರೂ ನುಂಗಿದವರೂ ಮುಟ್ಟು ಬಂತೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ನಾಳ ಒಡೆದರೆ ಜೀವ ಉಳಿಸಲು ಸಿಗುವ ಸಮಯ ಬಹಳ ಕಡಿಮೆ. ಇಷ್ಟಾದರೂ ಇದನ್ನು ಪರೀಕ್ಷೆಯೆಂದು ಕರೆಯುವವರು, ಈ ಪರೀಕ್ಷೆಯ ಕಣ್ತಪ್ಪಿದ್ದು ಎಷ್ಟೆಂದು ಎಂದಾದರೂ ಎಣಿಸಿದ್ದಾರೆಯೇ ಎಂದು ಕೇಳಬೇಕಾಗುತ್ತದೆ.

ಗುಳಿಗೆಯ ಪರವಾದ ಇನ್ನೊಂದು ವಾದ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಹುಟ್ಟಿದ್ದು: ಕೆಟ್ಟ ರಕ್ತ ಒಳಗೆ ಉಳಿಯಬಾರದು, ಹೊರಗೆ ಹೋಗಲೇಬೇಕು. ಇದನ್ನು ನಕ್ಕು ಬಿಡುವಂತಿಲ್ಲ, ಏಕೆಂದರೆ ಒಂದು ಸ್ಥಿತಿಯಲ್ಲಿ ಇದು ಅಕ್ಷರಶಃ ನಿಜ: ಕನ್ಯಾಪೊರೆಯಲ್ಲಿ ರಂಧ್ರವೇ ಇಲ್ಲದ ಹುಡುಗಿಗೆ ತಿಂಗಳು ತಿಂಗಳು ಕಿಬ್ಬೊಟ್ಟೆ ನೋಯುತ್ತದೆ, ರಕ್ತ ಮಾತ್ರ ಒಳಗೇ ತುಂಬಿಕೊಳ್ಳುತ್ತದೆ, ಅದಕ್ಕೆ ಮದ್ದು ಸಣ್ಣ ಶಸ್ತ್ರಚಿಕಿತ್ಸೆಯೇ ಹೊರತು ಗುಳಿಗೆಯಲ್ಲ. ಆದರೆ ಎಲ್ಲ ಕಡೆ ಹಾಗಲ್ಲ: ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು ಪಡೆದವರಲ್ಲಿ ಒಳಪದರವೇ ತೆಳುವಾಗಿರುವುದರಿಂದ ಕಳಚಿ ಬೀಳುವಂಥದ್ದೇನೂ ಇರುವುದಿಲ್ಲ, ಅಲ್ಲಿ ಮುಟ್ಟು ನಿಂತರೆ ಹೆದರಬೇಕಿಲ್ಲ. ಅಂಡಾಶಯ ನೀರ್ಗುಳ್ಳೆಯ ತೊಂದರೆಯಲ್ಲಿ, ಅಂದರೆ ಜನ ಪಿಸಿಓಡಿ ಎನ್ನುವುದರಲ್ಲಿ, ಪರಿಸ್ಥಿತಿ ತಿರುಗುಮುರುಗು: ಈಸ್ಟ್ರೋಜನ್ ಒಂದೇ ಸಮನೆ ಕೆಲಸ ಮಾಡಿ ಪದರ ದಪ್ಪವಾಗುತ್ತ ಹೋಗುತ್ತದೆ, ವರ್ಷಗಳು ಕಳೆದಂತೆ ಕ್ಯಾನ್ಸರಿನ ಅಪಾಯವೂ ಬೆಳೆಯುತ್ತದೆ. ಅಲ್ಲಿ, ಅಲ್ಲಿ ಮಾತ್ರ, ಕೆಲವು ತಿಂಗಳಿಗೊಮ್ಮೆ ಗುಳಿಗೆಯಿಂದ ಪದರ ಕಳಚಿಸಬೇಕೆಂಬ ಎದುರು ಪಂಥದವರ ಮಾತು ನ್ಯಾಯವಾದದ್ದು. ಆದರೆ ಹದಿನಾರರ ಹುಡುಗಿಯ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಕಂಡೊಡನೆ ಆ ಹೆಸರಿನ ಹಣೆಪಟ್ಟಿ ಅಂಟಿಸುವ ರೂಢಿಗೆ ಆಧಾರವಿಲ್ಲ. ಹದಿಹರೆಯದವರಲ್ಲಿ ಸ್ಕ್ಯಾನಿಂಗ್ ನೆಚ್ಚಿ ಇದನ್ನು ನಿರ್ಧರಿಸಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಇತಿಹಾಸವೂ ಈ ತಕರಾರಿನ ಬೆಂಬಲಕ್ಕಿದೆ. ಹೆಚ್ಚು ಪ್ರಮಾಣದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಬೆರೆತ ಗುಳಿಗೆಗಳನ್ನು ಬಸಿರು ಪತ್ತೆಗೂ ಮುಟ್ಟು ಬರಿಸುವುದಕ್ಕೂ ಕೊಡುತ್ತಿದ್ದ ಕಾಲವೊಂದಿತ್ತು. ಭ್ರೂಣಕ್ಕೆ ಹಾನಿಯೆಂಬ ಶಂಕೆಯ ನಡುವೆ ಬ್ರಿಟನ್ನಿನಲ್ಲಿ ಅಂಥ ಗುಳಿಗೆ 1978ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದರೆ, ಭಾರತದಲ್ಲಿ ಮಹಿಳಾ ಸಂಘಟನೆಗಳು ಹಾಗೂ ವೈದ್ಯರ ದೀರ್ಘ ಹೋರಾಟದ ನಂತರವೇ 1988ರಲ್ಲಿ ನಿಷೇಧ ಬಂತು. ಇಂದಿನ ಗುಳಿಗೆ ಅದಲ್ಲ, ನಿಜ. ಬಸಿರಿಲ್ಲವೆಂದು ಖಚಿತಪಡಿಸಿಕೊಳ್ಳದೆ ನುಂಗಿಸುವ ಅಭ್ಯಾಸ ಮಾತ್ರ ಅದೇ.

ಸವದತ್ತಿಯಲ್ಲಿ ಈ ಅಭ್ಯಾಸಕ್ಕೊಂದು ಸ್ಥಳೀಯ ಮುಖವಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಎಲ್ಲಮ್ಮನ ಗುಡ್ಡ ಏರಿ ನೈವೇದ್ಯದ ಪಡ್ಡಲಗಿ ತುಂಬಿಸುವ ಹೆಣ್ಣುಮಕ್ಕಳಲ್ಲಿ ಹಲವರು, ಆ ದಿನ ಹೊರಗಾಗಬಾರದೆಂದು ಮುಟ್ಟು ಮುಂದೂಡುವ ಗುಳಿಗೆ ನುಂಗಿರುತ್ತಾರೆ. ಅದೂ ಪ್ರೊಜೆಸ್ಟರಾನಿನ ಬಳಗದ್ದೇ. ನುಂಗುತ್ತಿರುವವರೆಗೆ ಪದರವನ್ನು ಹಿಡಿದಿಟ್ಟು, ಬಿಟ್ಟ ಎರಡು ಮೂರು ದಿನಕ್ಕೆ ಕಳಚಿಸುತ್ತದೆ. ಜಾತ್ರೆಯಿಂದ ಮರಳಿದ ಮೇಲೂ ಮುಟ್ಟು ಬಾರದಿದ್ದರೆ ಎಲ್ಲಮ್ಮ ತಾಯಿಯ ಮುನಿಸೆಂದು ಹೆದರುವವರೂ ಇದ್ದಾರೆ, ಇನ್ನೊಂದು ಪಟ್ಟಿ ಗುಳಿಗೆ ತರುವವರೂ ಇದ್ದಾರೆ. ಆಗ ಮಾಡಬೇಕಾದದ್ದು ಬಸಿರಿನ ಪರೀಕ್ಷೆ.

ದತ್ತಿಯ ಪುಣ್ಯಸ್ಮರಣೆಗೆ ಪಾತ್ರರಾದ ತಾಯಿಯ ಕಸುಬಿನಲ್ಲಿ ಕೈಗಿಂತ ಮೊದಲು ಕೇಳುವ ಬಾಯಿ ಕೆಲಸ ಮಾಡುತ್ತಿತ್ತು. ಅದೇ ರೀತಿಯಲ್ಲಿ ಇಂದು ಕೇಳಬೇಕಾದ ಪ್ರಶ್ನೆ, ಕಳೆದ ಮೂರು ತಿಂಗಳಲ್ಲಿ ಯಾವ ಯಾವ ಗುಳಿಗೆ ಹೊಟ್ಟೆಗೆ ಹೋದವು ಎಂಬುದು. ಗ್ಯಾಸಿಗೆಂದು ತಿಂಗಳುಗಟ್ಟಲೆ ನುಂಗುವ ಲೆವೊಸಲ್ಪಿರೈಡ್ ಅಥವಾ ಡೊಂಪೆರಿಡೋನ್, ಹಾಲು ಉತ್ಪತ್ತಿಯ ಹಾರ್ಮೋನಾದ ಪ್ರೊಲ್ಯಾಕ್ಟಿನ್ನನ್ನು ಏರಿಸಿ, ಬಾಣಂತಿಯಲ್ಲದವಳ ಎದೆಯಲ್ಲಿಯೂ ಹಾಲು ತರಿಸಿ ಮುಟ್ಟನ್ನು ನಿಲ್ಲಿಸಬಲ್ಲದು. ಹೊಟ್ಟೆಯ ಔಷಧಿಗೂ ಮುಟ್ಟಿಗೂ ನಂಟು ಕಾಣದ ಹೆಣ್ಣುಮಗಳು ಅದನ್ನು ತಾನಾಗಿ ಹೇಳಲಾರಳು. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಿಟ್ಟಿಯಾಗಿ ಸಿಗುವ ‘ನಿಶ್ಚಯ್’ ಕಿಟ್ಟಿನಲ್ಲಿ ಬೆಳಗಿನ ಮೂತ್ರದ ಒಂದೆರಡು ಹನಿ ಬಿದ್ದು, ಗೆರೆ ಒಂದೋ ಎರಡೋ ಎಂಬುದು ತಿಳಿದ ಮೇಲೆಯೇ ಗುಳಿಗೆಯ ಮಾತು ಬರಬೇಕು.