ಗ್ಯಾಸ್ಟ್ರಿಕ್ ಎಂಬುದು ಕಾಯಿಲೆಯ ಹೆಸರಲ್ಲ

(ಹೊರರೋಗಿಗಳಿಗೂ ಅವರ ಜೊತೆ ಬಂದವರಿಗೂ ಹೊಟ್ಟೆಯ ಔಷಧಿಗಳ ಬಗ್ಗೆ ನೀಡಿದ ಉಪನ್ಯಾಸ)



ಚೀಟಿ ಮಾಡಿಸಿ ಸರದಿಗಾಗಿ ಕಾಯುತ್ತಾ ಕುಳಿತಿದ್ದೀರಿ. ಆ ಹೊತ್ತಿನಲ್ಲಿ ಸ್ವಲ್ಪ ಸಮಯ ನನಗೆ ಕೊಡಿ. ನಾವೆಲ್ಲರೂ ಒಂದಲ್ಲ ಒಂದು ದಿನ ನುಂಗಿರುವ ಹೊಟ್ಟೆಯ ಗುಳಿಗೆಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕೋಣೆಗೆ ಬರುವವರು ಕುಳಿತುಕೊಳ್ಳುವ ಮೊದಲೇ ಹೇಳುವ ಮಾತು ಒಂದೇ: "ಡಾಕ್ಟ್ರೇ, ಗ್ಯಾಸ್ಟ್ರಿಕ್ ಆಗೇತ್ರಿ, ಒಂದು ಗುಳಿಗಿ ಬರದ ಕೊಡ್ರಿ." ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಆದರೆ ಗ್ಯಾಸ್ಟ್ರಿಕ್ ಎಂಬ ಹೆಸರಿನ ಕಾಯಿಲೆಯೇ ಇಲ್ಲ. ಜಠರಕ್ಕೆ ಸಂಬಂಧಪಟ್ಟದ್ದು ಎಂಬುದಷ್ಟೇ ಆ ಇಂಗ್ಲಿಷ್ ಮಾತಿನ ಅರ್ಥ. ಹತ್ತಾರು ತೊಂದರೆಗಳಿಗೆ ಒಂದೇ ಹೆಸರಿಟ್ಟಿದ್ದೇವೆ. ಹೆಸರು ಒಂದೇ ಆದ ಕಾರಣ ಗುಳಿಗೆಯೂ ಒಂದೇ ಸಾಕು ಎಂದುಕೊಂಡಿದ್ದೇವೆ. ಅಪಾಯ ಇರುವುದು ಅಲ್ಲಿಯೇ.

ಒಂದು ಘಟನೆ ಹೇಳುತ್ತೇನೆ. ನಾನು ಓದು ಮುಗಿಸಿ ಬೇರೊಂದು ಊರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಐವತ್ತು ದಾಟಿದ ರೈತರೊಬ್ಬರು ರಾತ್ರಿ ಮಗನ ಜೊತೆ ಬಂದರು. ಮದುವೆ ಊಟ ಮಾಡಿದ್ದರು. ಎದೆಯ ನಡುವೆ ಉರಿ, ಹೊಟ್ಟೆ ಬಿಗಿತ, ಒಂದು ಸಲ ವಾಂತಿ, ಮೈಯೆಲ್ಲ ಬೆವರು. "ಗ್ಯಾಸ್ ಆಗೇತ್ರಿ ಸಾಹೇಬ್ರ" ಎಂದರು. ನಾನೂ ಹಾಗೆಯೇ ತಿಳಿದೆ. ಆಮ್ಲ ಶಮನಕ್ಕೆ ಕೊಡುವ ಬಿಳಿ ಔಷಧಿಯನ್ನು ಎರಡು ಚಮಚ ಕುಡಿಸಿದೆ. ತೇಗು ಬಂತು, ಹಗುರವಾಯಿತೆಂದರು. ಮನೆಗೆ ಕಳುಹಿಸಿದೆ. ಇ.ಸಿ.ಜಿ. ತೆಗೆಯಬೇಕಿತ್ತು, ತೆಗೆಯಲಿಲ್ಲ. ಬೆಳಗಿನ ಜಾವ ಮಗ ಅವರನ್ನು ಹೊತ್ತುಕೊಂಡೇ ಬಂದ. ಅದು ಹೃದಯಾಘಾತವಾಗಿತ್ತು. ಆ ಯಜಮಾನರ ಜೀವ ಉಳಿಯಿತು, ಆದರೆ ಮತ್ತೆ ಹೊಲದ ಕೆಲಸ ಮಾಡಲು ಆಗಲೇ ಇಲ್ಲ. ತಪ್ಪು ಅವರದಲ್ಲ, ನನ್ನದು. ಅವರು ಹೇಳಿದ ಹೆಸರನ್ನು ಕೇಳಿದೆ, ಅವರ ಬೆವರನ್ನು ನೋಡಲಿಲ್ಲ.

ಹೃದಯದ ನೋವನ್ನೂ ಅನ್ನನಾಳದ ಉರಿಯನ್ನೂ ಮಿದುಳಿಗೆ ತಿಳಿಸುವ ನರಗಳ ದಾರಿ ಹೆಚ್ಚುಕಡಿಮೆ ಒಂದೇ. ಆದ್ದರಿಂದ ರೋಗಿಗಷ್ಟೇ ಅಲ್ಲ, ವೈದ್ಯರಿಗೂ ಬರೀ ಮಾತಿನಿಂದ ವ್ಯತ್ಯಾಸ ತಿಳಿಯುವುದು ಕಷ್ಟ. ಔಷಧಿ ಕುಡಿದ ಮೇಲೆ ಹಗುರವಾಯಿತು ಎಂದ ಮಾತ್ರಕ್ಕೆ ಅದು ಹೊಟ್ಟೆಯದೇ ತೊಂದರೆ ಎಂದು ತೀರ್ಮಾನಿಸಬಾರದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಔಷಧಿಗಳನ್ನು ಒಂದೊಂದಾಗಿ ನೋಡೋಣ.

ಎದೆಯುರಿ, ಹುಳಿತೇಗಿನ ಔಷಧಿಗಳು

ಊಟವನ್ನು ಕರಗಿಸಲು ಜಠರದಲ್ಲಿ ಆಮ್ಲ ಉತ್ಪತ್ತಿಯಾಗುತ್ತದೆ. ಅದು ಅನ್ನನಾಳಕ್ಕೆ ಮೇಲೇರಿದರೆ ಎದೆಯುರಿ, ಹುಳಿತೇಗು ಬರುತ್ತವೆ. ಇದಕ್ಕೆ ಮುಖ್ಯವಾಗಿ ಎರಡು ಬಗೆಯ ಔಷಧಿಗಳಿವೆ.

ಮೊದಲನೆಯದು ಆಂಟಾಸಿಡ್. ಡೈಜೀನ್, ಜೆಲುಸಿಲ್ ಮುಂತಾದ ಹೆಸರಿನಲ್ಲಿ ಸಿಗುವ ದ್ರವ, ಚೀಪುವ ಗುಳಿಗೆ. ಇವು ಇದ್ದ ಆಮ್ಲವನ್ನು ತಣಿಸುತ್ತವೆ. ಬೇಗ ಕೆಲಸ ಮಾಡುತ್ತವೆ, ಬೇಗ ಮುಗಿದೂ ಹೋಗುತ್ತವೆ. ಇವುಗಳಲ್ಲಿರುವ ಮೆಗ್ನೀಸಿಯಂ ಭೇದಿ ಮಾಡಿಸಬಹುದು, ಅಲ್ಯೂಮಿನಿಯಂ ಮಲಬದ್ಧತೆ ತರಬಹುದು. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಇವನ್ನು ಕುಡಿಯಬಾರದು. ರಕ್ತಹೀನತೆಗೆ ಕಬ್ಬಿಣದ ಗುಳಿಗೆ, ಥೈರಾಯ್ಡ್ ಗುಳಿಗೆ ನುಂಗುವವರು ಆಂಟಾಸಿಡ್ಡನ್ನು ಅದರ ಜೊತೆಗೇ ತೆಗೆದುಕೊಂಡರೆ ಆ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಕೆಲವು ತಾಸುಗಳ ಅಂತರ ಬೇಕು. ನೀರಿಗೆ ಹಾಕಿದೊಡನೆ ನೊರೆಯುಕ್ಕುವ ಸೋಡಾ ಪುಡಿಗಳಲ್ಲಿ ಸೋಡಿಯಂ ಹೆಚ್ಚು. ಬಿ.ಪಿ. ಇದ್ದವರು ಅವನ್ನು ದಿನವೂ ಕುಡಿಯುವುದು ಒಳ್ಳೆಯದಲ್ಲ.

ಎರಡನೆಯದು ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುವ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು. ಇವು ಒಳ್ಳೆಯ ಔಷಧಿಗಳು, ಆದರೆ ನುಂಗುವ ಹೊತ್ತು ಸರಿಯಿರಬೇಕು. ಊಟ ಹೊಟ್ಟೆಗೆ ಬಿದ್ದಾಗ ಆಮ್ಲ ತಯಾರಿಸುವ ಪಂಪುಗಳು ಚುರುಕಾಗುತ್ತವೆ. ಅಷ್ಟರಲ್ಲಿ ಔಷಧಿ ರಕ್ತ ಸೇರಿರಬೇಕು. ಆದ್ದರಿಂದ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ರೊಟ್ಟಿ ಊಟ ಮುಗಿಸಿ ಕೈತೊಳೆದ ಮೇಲೆ ನುಂಗಿದರೆ ಅರ್ಧ ಗುಣ ಹೋದಂತೆಯೇ.

ಇವುಗಳ ಇನ್ನೊಂದು ಗುಟ್ಟು ಕೇಳಿ. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕಬಹುದು. ಆಗ ಜನ, "ಇದು ಬಿಟ್ಟರೆ ನನಗೆ ಆಗುವುದೇ ಇಲ್ಲ" ಎಂದು ಮತ್ತೆ ಶುರು ಮಾಡುತ್ತಾರೆ. ಹೀಗೆ ಎರಡು ವಾರಕ್ಕೆಂದು ಬರೆದ ಗುಳಿಗೆ ಹತ್ತು ವರ್ಷ ನಡೆಯುತ್ತದೆ. ಬಹುಕಾಲ ನುಂಗಿದರೆ ವಿಟಮಿನ್ ಬಿ-12, ಮೆಗ್ನೀಸಿಯಂ ಕಡಿಮೆಯಾಗಬಹುದು. ಹಾಗೆಂದು ನನ್ನ ಮಾತು ಕೇಳಿ ಇಂದೇ ನಿಲ್ಲಿಸಬೇಡಿ. ಹೃದಯಕ್ಕಾಗಿ ಆಸ್ಪಿರಿನ್ ನುಂಗುವವರಿಗೆ, ಹುಣ್ಣಾಗಿ ರಕ್ತಸ್ರಾವವಾಗಿದ್ದವರಿಗೆ ಇದು ಅಗತ್ಯವಾಗಬಹುದು. ನಿಲ್ಲಿಸುವುದೋ, ತಗ್ಗಿಸುವುದೋ ವೈದ್ಯರನ್ನು ಕೇಳಿ ಮಾಡಿ.

ಹಿಂದೆ ಎಲ್ಲರ ಮನೆಯಲ್ಲೂ ಇದ್ದ ರಾನಿಟಿಡಿನ್ ನೆನಪಿರಬಹುದು. ಅದರಲ್ಲಿ ಕ್ಯಾನ್ಸರ್‌ಕಾರಕ ಆಗಬಹುದಾದ ಕಲ್ಮಶ 2019ರಲ್ಲಿ ಪತ್ತೆಯಾಯಿತು. 2022ರಲ್ಲಿ ಭಾರತ ಸರ್ಕಾರ ಅದನ್ನು ಅಗತ್ಯ ಔಷಧಿಗಳ ಪಟ್ಟಿಯಿಂದ ತೆಗೆಯಿತು. ಹಳೆಯ ಚೀಟಿ ತೋರಿಸಿ ಅದೇ ಗುಳಿಗೆ ತರಿಸಬೇಡಿ.

ಹೊಟ್ಟೆಯ ಹುಣ್ಣು

ಹುಣ್ಣು ಬರುವುದು ಖಾರದಿಂದ, ಚಿಂತೆಯಿಂದ ಎಂದೇ ಬಹುಕಾಲ ನಂಬಿದ್ದೆವು. ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಕ್ರಿಮಿ ಕಾರಣವೆಂದು ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅವರು ಆ ಕ್ರಿಮಿ ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಜಠರದ ಉರಿಯೂತ ಶುರುವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಈ ಕ್ರಿಮಿ ಇದೆಯೆಂದು ಪರೀಕ್ಷೆಯಲ್ಲಿ ತಿಳಿದರೆ ಆಮ್ಲದ ಗುಳಿಗೆಯ ಜೊತೆ ಆಂಟಿಬಯೋಟಿಕ್‌ಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತೇವೆ. ಐದನೆಯ ದಿನ ಆರಾಮಾಯಿತೆಂದು ನಿಲ್ಲಿಸಿದರೆ ಕ್ರಿಮಿ ಸಾಯುವುದಿಲ್ಲ, ಮುಂದೆ ಆ ಔಷಧಿಗೂ ಬಗ್ಗುವುದಿಲ್ಲ.

ಹುಣ್ಣಿಗೆ ಎರಡನೆಯ ದೊಡ್ಡ ಕಾರಣ ನಮ್ಮ ಜೇಬಿನಲ್ಲೇ ಇದೆ. ಮೊಣಕಾಲು ನೋವು, ಸೊಂಟ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದವು ಜಠರದ ಒಳಪದರವನ್ನು ಕಾಪಾಡುವ ಲೋಳೆಯನ್ನು ಕಡಿಮೆ ಮಾಡುತ್ತವೆ. ವಯಸ್ಸಾದವರಲ್ಲಿ ನೋವೇ ಇಲ್ಲದೆ ಹುಣ್ಣಾಗಿ ಒಮ್ಮೆಲೇ ರಕ್ತಸ್ರಾವವಾಗಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಾದರೆ ಅದೇ ಸೂಚನೆ. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುವುದುಂಟು; ಯಾವುದೆಂದು ನಾವು ನೋಡಿ ಹೇಳುತ್ತೇವೆ, ನೀವು ಊಹಿಸಬೇಡಿ.

ವಾಕರಿಕೆ, ವಾಂತಿ

ವಾಂತಿ ಹೊಟ್ಟೆಯಿಂದಲೇ ಬರಬೇಕೆಂದಿಲ್ಲ. ಮಿದುಳು, ಕಿವಿಯ ಒಳಭಾಗ, ಮೂತ್ರಪಿಂಡ, ಏರಿದ ಸಕ್ಕರೆ, ಗರ್ಭ, ಹೃದಯ — ಎಲ್ಲಿಂದಲೂ ಬರಬಹುದು. ನುಂಗುವ ಔಷಧಿಯಿಂದಲೂ ಬರಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆಯನ್ನು ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಎಷ್ಟೋ ಕಡಿಮೆ. ಆದ್ದರಿಂದ ವಾಂತಿಗೂ ಒಂದೇ ಗುಳಿಗೆ ಎಂಬುದಿಲ್ಲ.

ಡೊಂಪೆರಿಡೋನ್ ಜಠರವನ್ನು ಮುಂದಕ್ಕೆ ಖಾಲಿ ಮಾಡಿಸುತ್ತದೆ. ಊಟಕ್ಕೆ ಮೊದಲು ನುಂಗಬೇಕು. ಅದು ಹೃದಯದ ಬಡಿತವನ್ನು ಏರುಪೇರು ಮಾಡಬಹುದೆಂದು ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ಎಚ್ಚರಿಸಿ, ದೊಡ್ಡವರಿಗೆ 10 ಮಿಲಿಗ್ರಾಂ ದಿನಕ್ಕೆ ಮೂರು ಸಲದವರೆಗೆ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಎಂದು ಮಿತಿ ಹಾಕಿದರು. ಆಮ್ಲದ ಗುಳಿಗೆಯ ಜೊತೆ ಇದನ್ನೂ ಸೇರಿಸಿದ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವ ಹಿರಿಯರು ಇಲ್ಲಿದ್ದರೆ ದಯವಿಟ್ಟು ತೋರಿಸಿ.

ಮೆಟೊಕ್ಲೊಪ್ರಮೈಡ್ ಕೊಟ್ಟಾಗ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಎಳೆಯ ವಯಸ್ಸಿನವರಿಗೆ, ಕತ್ತು ತಿರುಚಿ ಕಣ್ಣುಗುಡ್ಡೆ ಮೇಲೇರಬಹುದು. ನೋಡಿದವರು ಗಾಳಿ ಹಿಡಿಯಿತೆಂದು ಹೆದರುತ್ತಾರೆ. ಅದು ಔಷಧಿಯ ಅಡ್ಡಪರಿಣಾಮ. ಆಸ್ಪತ್ರೆಗೆ ಕರೆತಂದರೆ ಒಂದು ಇಂಜೆಕ್ಷನ್‌ನಿಂದ ಬೇಗ ಸರಿಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಒಂಡಾನ್ಸೆಟ್ರಾನ್ ಬಹಳ ಉಪಯುಕ್ತ. ಅದರಿಂದ ಮಲಬದ್ಧತೆ ಆಗಬಹುದು. ಬಸ್ಸಿನಲ್ಲಿ ವಾಂತಿಯಾಗುವವರು ಗುಳಿಗೆಯನ್ನು ಹೊರಡುವ ಮೊದಲೇ ನುಂಗಬೇಕು. ಅದು ನಿದ್ದೆ ತರುವುದರಿಂದ ಗಾಡಿ ಓಡಿಸುವವರಿಗೆ ಬೇಡ.

ಗರ್ಭಿಣಿ ತಾಯಂದಿರಿಗೆ ಪ್ರತ್ಯೇಕವಾಗಿ ಹೇಳುತ್ತೇನೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ಗುಳಿಗೆಯನ್ನು ಬಸುರಿಯರ ವಾಕರಿಕೆಗೂ ಕೊಡುತ್ತಿದ್ದರು. ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ ಮೇಲೆ, 1961ರಲ್ಲಿ ಅದನ್ನು ಹಿಂತೆಗೆದರು. ಇಂದು ಗರ್ಭಿಣಿಯರಿಗೆ ಸುರಕ್ಷಿತವೆಂದು ಖಚಿತವಾದ ಡಾಕ್ಸಿಲಮಿನ್ ಮತ್ತು ಬಿ-6 ಸೇರಿದ ಗುಳಿಗೆ ಇದೆ. ವೈದ್ಯರು ಬರೆದರೆ ಹೆದರದೆ ತೆಗೆದುಕೊಳ್ಳಿ. ಪಕ್ಕದ ಮನೆಯವರು ಕೊಟ್ಟದ್ದನ್ನು ಮಾತ್ರ ನುಂಗಬೇಡಿ.

ಭೇದಿಗೆ ದೊಡ್ಡ ಔಷಧಿ

ವಾಂತಿಭೇದಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಮೈಯಿಂದ ಹೋಗುವ ನೀರು ಮತ್ತು ಉಪ್ಪು. 1971ರಲ್ಲಿ ಬಾಂಗ್ಲಾದೇಶದ ಯುದ್ಧ ಕಾಲದಲ್ಲಿ ಪಶ್ಚಿಮ ಬಂಗಾಳದ ಬೊನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತು. ಸಲೈನ್ ಬಾಟಲಿಗಳು ಸಾಲದಾದವು. ಡಾ. ದಿಲೀಪ್ ಮಹಾಲನೋಬಿಸ್ ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತು ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ರೋಗಿಯ ಜೊತೆ ಬಂದವರ ಕೈ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ನೋಡಿ.

ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. 200 ಮಿಲಿ ನೀರಿಗೆ ಆಗುವ ಚಿಕ್ಕ ಪೊಟ್ಟಣವೂ ಉಂಟು, ಓದಿ ನೋಡಿ. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಮಕ್ಕಳಿಗೆ ಬರೆದುಕೊಟ್ಟ ಸತುವಿನ ಗುಳಿಗೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಸಕ್ಕರೆ ಹೆಚ್ಚಿರುವ ಪೇಯಗಳು ಓ.ಆರ್.ಎಸ್. ಎಂಬ ಹೆಸರಿನಲ್ಲಿ ಮಾರಾಟವಾಗುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ್ದು ಎಂದು ಬರೆದ ಪೊಟ್ಟಣವನ್ನೇ ಕೇಳಿ.

ಭೇದಿ ತಡೆಯುವ ಲೋಪೆರಮೈಡ್ ಗುಳಿಗೆಯನ್ನು ಮಕ್ಕಳಿಗೆ ಕೊಡಬಾರದು. ಜ್ವರ ಇದ್ದರೆ, ಮಲದಲ್ಲಿ ರಕ್ತ ಇದ್ದರೆ ದೊಡ್ಡವರೂ ನುಂಗಬಾರದು.

ಮಲಬದ್ಧತೆಗೆ ಇಸಬಗೋಲು ಒಳ್ಳೆಯದು, ಆದರೆ ಲೋಟ ತುಂಬ ನೀರಿನೊಂದಿಗೆ. ನೀರು ಕಡಿಮೆಯಾದರೆ ಅದೇ ಗಂಟಾಗಿ ಅಡ್ಡ ನಿಲ್ಲುತ್ತದೆ.

ತಡಮಾಡದೆ ಆಸ್ಪತ್ರೆಗೆ ಬರಬೇಕಾದುದು

1. ಎದೆಯ ಉರಿ ಅಥವಾ ಬಿಗಿತದ ಜೊತೆ ಬೆವರು, ಉಸಿರುಕಟ್ಟು, ಎಡಗೈ ಅಥವಾ ದವಡೆಗೆ ಹರಿಯುವ ನೋವು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಬರೀ ವಾಕರಿಕೆ, ಸುಸ್ತು ಇರಬಹುದು. ಗುಳಿಗೆ ಹುಡುಕಬೇಡಿ, 108ಕ್ಕೆ ಕರೆ ಮಾಡಿ.
2. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ.
3. ನುಂಗಲು ತೊಡಕು, ಕಾರಣವಿಲ್ಲದೆ ತೂಕ ಇಳಿಯುವುದು, ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ ಅಥವಾ ಮಲಬದ್ಧತೆ.
4. ವಾಂತಿಭೇದಿಯಲ್ಲಿ ಮೂತ್ರ ನಿಲ್ಲುವುದು, ಮಗುವಿನ ಕಣ್ಣು ಗುಳಿಬೀಳುವುದು, ಮಂಪರು.

ಕೊನೆಯದಾಗಿ ಒಂದು ಬೇಡಿಕೆ. ಇಂದು ಒಳಗೆ ಹೋದಾಗ "ಗ್ಯಾಸ್ಟ್ರಿಕ್" ಎನ್ನಬೇಡಿ. ಎಲ್ಲಿ ನೋವು, ಯಾವಾಗಿನಿಂದ, ಊಟದ ಮೊದಲೋ ನಂತರವೋ, ನಡೆದರೆ ಹೆಚ್ಚುವುದೋ ಎಂದು ಹೇಳಿ. ಮರೆಯುವ ಹಿರಿಯರಿದ್ದರೆ ಜೊತೆಗೆ ಬಂದವರು ಹೇಳಿ. ಮನೆಯಲ್ಲಿ ನುಂಗುವ ಗುಳಿಗೆಗಳನ್ನೆಲ್ಲ, ನೋವಿನ ಗುಳಿಗೆಯನ್ನೂ ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿಯಿರಿ. ನಾವು ಬೈಯುವುದಿಲ್ಲ. ಕಾಯಿಲೆಗೆ ಹೆಸರಿಡುವ ಕೆಲಸವನ್ನು ನಮಗೆ ಬಿಡಿ, ನಾವು ಅವಸರದಲ್ಲಿದ್ದರೆ, "ಡಾಕ್ಟ್ರೇ, ಇ.ಸಿ.ಜಿ. ಬೇಕಾಗ್ತದೇನ್ರಿ?" ಎಂದು ಸಂಕೋಚವಿಲ್ಲದೆ ಕೇಳಿ. ಆ ರಾತ್ರಿ ಆ ಮಗ ನನ್ನನ್ನು ಹಾಗೆ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇಂದಿಗೂ ನೆನೆಯುತ್ತೇನೆ.