ಯುದ್ಧ ನಿಂತರೂ ಬಡ್ಡಿ ನಿಲ್ಲುವುದಿಲ್ಲ
(ಬೆಳುವಾಯಿಯ ರೈತರ ಸಭೆಯಲ್ಲಿ ಆಡಿದ ಮಾತು)



ಎಲ್ಲಿಯೋ ಯುದ್ಧವಾದರೆ ಬೆಳುವಾಯಿಗೆ ಏನು ಎಂದು ಕೇಳಬೇಡಿ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿ ದುಡಿಯುತ್ತಿದ್ದ ನಮ್ಮ ಜಿಲ್ಲೆಯ ಮಕ್ಕಳ ಸಂಬಳ ನಿಂತಿತು. ಸುಮಾರು 1,70,000 ಭಾರತೀಯರನ್ನು ಅಮ್ಮಾನಿನಿಂದ ವಿಮಾನದಲ್ಲಿ ಕರೆತರಬೇಕಾಯಿತು. ಮಗ ಕೈಚೀಲ ಹಿಡಿದು ಬಂದರೆ, ಅವನ ವೀಸಾಕ್ಕೆ ಅಡವಿಟ್ಟ ತಾಯಿಯ ಚಿನ್ನ ಬರುವುದು ಹೇಗೆ? ಬಡ್ಡಿ ಮಾತ್ರ ಓಡುತ್ತಲೇ ಇತ್ತು.

ಗಲ್ಫಿನಲ್ಲಿ ಯಾರೂ ಇಲ್ಲದ ಮನೆಯವರು ಸುಮ್ಮನೆ ಕೂರುವ ಹಾಗಿಲ್ಲ. 2022ರಲ್ಲಿ ಉಕ್ರೇನಿನ ಯುದ್ಧ. ಪೊಟ್ಯಾಷ್ ನಮಗೆ ಹೊರಗಿನಿಂದಲೇ ಬರಬೇಕು. ರಷ್ಯಾ, ಬೆಲಾರೂಸ್ ಅದರ ದೊಡ್ಡ ಮಾರಾಟಗಾರರು. ಆ ವರ್ಷ 50 ಕಿಲೋ ಚೀಲ 1,700 ರೂಪಾಯಿ ಆಯಿತು. ಶಿಫಾರಸಿನಂತೆ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಸತ್ವ ಬೇಕು. 500 ಮರಕ್ಕೆ ಲೆಕ್ಕ ಹಾಕಿ: ಇದೊಂದಕ್ಕೇ ಹತ್ತಿರ ಹತ್ತಿರ 4,000 ರೂಪಾಯಿ! ಹಾಕದಿದ್ದರೆ ಫಸಲು ಇಳಿಯುತ್ತದೆ, ಹಾಕಿದರೆ ಸಾಲ ಏರುತ್ತದೆ.

ಯುದ್ಧ ಹೂಡಿದ್ದು ನಾವಲ್ಲ. ಅಂಥ ವರ್ಷ ಸೊಸೈಟಿ ಸಾಲದ ಕಂತು ಮುಂದೆ ಹೋಗಲಿ, ಬಡ್ಡಿಯನ್ನು ಸರಕಾರ ಹೊರಲಿ. ನಾವೂ ಒಂದು ನಿಶ್ಚಯ ಮಾಡುವ: ಗಲ್ಫಿನ ಸಂಬಳ ನಂಬಿ ತೋಟ ಅಡವಿಡುವುದು ಬೇಡ, ಹಟ್ಟಿಗೊಬ್ಬರ, ಸೊಪ್ಪು, ಒಲೆಯ ಬೂದಿ ಬಿಡುವುದೂ ಬೇಡ.